ಸಹಾಯ ಬೇಕು: ಕ್ರಿಸ್‌ಮಸ್ ಸಂಜೆಗೆ ಯಾವ ಹಳೆಯ ಸಿನಿಮಾ ಆರಿಸಬೇಕು?

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಕ್ಯಾಂಪ್ ಪ್ರದೇಶದ ನಮ್ಮ ಮನೆಯ ಮಾಳಿಗೆಯ ಮೇಲೆ ಡಿಸೆಂಬರ್ 24ರ ಸಂಜೆ ಬಿಳಿ ಚಾದರ ಕಟ್ಟಿ, ಓಣಿಯವರಿಗೆಲ್ಲ ಒಂದು ಹಳೆಯ ಕ್ರಿಸ್‌ಮಸ್ ಸಿನಿಮಾ ತೋರಿಸಬೇಕೆಂದು ನಿಶ್ಚಯಿಸಿದ್ದೇವೆ. ಆದರೆ ಯಾವುದು ಎಂಬ ಮಾತಿಗೆ ಮನೆಯಲ್ಲೇ ಮೂರು ಪಕ್ಷಗಳಾಗಿವೆ.

ನನ್ನ ಒಲವು ಫ್ರಾಂಕ್ ಕಾಪ್ರಾ ನಿರ್ದೇಶನದ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಕಡೆಗಿದೆ. ಸಣ್ಣ ಗೃಹಸಾಲ ಸಂಸ್ಥೆಯೊಂದನ್ನು ನಡೆಸುವ ಜಾರ್ಜ್ ಬೇಲಿ, ಸಂಸ್ಥೆಯ 8,000 ಡಾಲರ್ ಕಳೆದುಹೋದ ಹತಾಶೆಯಲ್ಲಿ ಸೇತುವೆಯ ಮೇಲೆ ನಿಂತಾಗ, ಅವನು ಹುಟ್ಟದೇ ಇದ್ದಿದ್ದರೆ ಊರು ಏನಾಗುತ್ತಿತ್ತು ಎಂಬುದನ್ನು ದೇವದೂತನೊಬ್ಬ ತೋರಿಸುತ್ತಾನೆ. ಕೊನೆಗೆ ಊರವರೆಲ್ಲ ಬಂದು ಮೇಜಿನ ಮೇಲೆ ದುಡ್ಡು ಸುರಿಯುವ ದೃಶ್ಯ ನೋಡಿದರೆ, ಪತ್ತಿನ ಸಂಘಗಳ ಏಳುಬೀಳು ಕಂಡ ನಮ್ಮ ಭಾಗದವರ ಕಣ್ಣು ಒದ್ದೆಯಾಗದೇ ಇರದು. ತೊಡಕೆಂದರೆ, ಅದು ಕಪ್ಪುಬಿಳುಪಿನದು, ಎರಡು ಗಂಟೆಗೂ ಹೆಚ್ಚಿನದು. ಮಾಳಿಗೆಯ ಚಳಿಯಲ್ಲಿ ಮಕ್ಕಳು ಅಷ್ಟು ಹೊತ್ತು ಕೂರುವರೇ?

ಅತ್ತೆಯವರು 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ಎನ್ನುತ್ತಾರೆ. ತಾನೇ ಸಾಂತಾಕ್ಲಾಸ್ ಎನ್ನುವ ಮುದುಕನ ಪರವಾಗಿ, ಅಂಚೆಯ ಪತ್ರಗಳ ಮೂಟೆಗಳನ್ನು ನ್ಯಾಯಾಧೀಶರ ಮೇಜಿನ ಮೇಲೆ ಸುರಿಯುವ ದೃಶ್ಯ ಅದರಲ್ಲಿದೆ. ವಕೀಲರ ಮನೆತನದವರಾದ ಅವರಿಗೆ ಬೇರೆ ಕಾರಣವೇ ಬೇಕಿಲ್ಲ. ಮಕ್ಕಳಿಗಂತೂ 1990ರ ‘ಹೋಮ್ ಅಲೋನ್’ ಬಿಟ್ಟರೆ ಬೇರೆ ಸಿನಿಮಾವೇ ಇಲ್ಲ. ಕಳ್ಳರು ಜಾರಿ ಬೀಳುವುದನ್ನು ಕ್ಲಾಸಿಕ್ ಎನ್ನಲು ನನಗೆ ಇನ್ನೂ ಮನಸ್ಸು ಒಪ್ಪಿಲ್ಲ.

ಇವುಗಳನ್ನು ಮಕ್ಕಳು, ಹಿರಿಯರು ಒಟ್ಟಿಗೆ ಕೂತು ನೋಡಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ. ಇಂಗ್ಲಿಷ್ ಬಾರದ ಹಿರಿಯರೂ ಬರುವುದರಿಂದ, ಕನ್ನಡ ಅಡಿಬರಹ ಎಲ್ಲಿ ಸಿಗುತ್ತದೆ ಎಂಬುದನ್ನೂ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.