ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಏಳುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಕಲಬುರಗಿ:
ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಿತಲ್ಲ, ಆಗ ಹಳೇ ಲ್ಯಾಪ್‌ಟಾಪಿಗೆ ಅದರ ಬದಲು ಲಿನಕ್ಸ್ ಮಿಂಟ್ ಹಾಕಿಸಿದೆ. ಚೆನ್ನಾಗಿಯೇ ನಡೆಯುತ್ತಿತ್ತು. ಬ್ಯಾಟರಿ ಸತ್ತಿದೆ, ಬರೀ ಅಡಾಪ್ಟರ್ ಮೇಲೆ ಓಡುತ್ತದೆ. ನಿನ್ನೆ ನಮ್ಮ ಓಣಿಯಲ್ಲಿ ಕರೆಂಟ್ ಹೋಗಿ ಬಂತು. ಆಮೇಲೆ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬಂದು ನಿಲ್ಲುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ. ಮಗಳ ಡಿಗ್ರಿ ಪ್ರಾಜೆಕ್ಟ್ ಅದರಲ್ಲೇ ಇದೆ. ಏನಾದರೂ ದಾರಿ ಇದೆಯಾ?

ಬೀದರ್‌ನಿಂದ:
ಸರ, ಫಾರ್ಮ್ಯಾಟ್ ಬೇಡವೇ ಬೇಡ. ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲುಗಳ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಇಂಥದ್ದಕ್ಕೆಂದೇ ಮಿಂಟ್ ಒಂದು ಜರ್ನಲ್, ಅಂದರೆ ಡಿಸ್ಕಿನ ಬದಲಾವಣೆಗಳನ್ನು ಗುರುತು ಹಾಕಿಕೊಳ್ಳುವ ಡೈರಿ, ಇಟ್ಟಿರುತ್ತದೆ. ಸಾಮಾನ್ಯವಾಗಿ ಮುಂದಿನ ಸಲ ಆನ್ ಮಾಡಿದಾಗ ತಾನೇ ಸರಿ ಮಾಡಿಕೊಳ್ಳುತ್ತದೆ. ಅದರ ಕೈಲಿ ಆಗದಿದ್ದಾಗ ಹೀಗೆ ನಿಂತು ನಿಮ್ಮನ್ನು ಕೇಳುತ್ತದೆ.

ಅಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕೆಟ್ಟ ಪಾರ್ಟಿಷನ್ (ಡಿಸ್ಕಿನ ಭಾಗ) ಹೆಸರು ತೋರಿಸುತ್ತದೆ, ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಎ2 ಎಂಬಂತೆ. ಆಮೇಲೆ ಎಫ್‌ಎಸ್‌ಸಿಕೆ (ಫೈಲುಗಳ ಲೆಕ್ಕ ನೋಡಿ ರಿಪೇರಿ ಮಾಡುವ ಆಜ್ಞೆ), ಒಂದು ಸ್ಪೇಸ್, ಹೈಫನ್ ವೈ, ಇನ್ನೊಂದು ಸ್ಪೇಸ್, ಆ ಹೆಸರು. ಎಲ್ಲ ಸಣ್ಣ ಅಕ್ಷರ. ವೈ ಅಂದರೆ ಅದು ಕೇಳುವ ಪ್ರಶ್ನೆಗೆಲ್ಲ ಹೌದು ಎಂದು ಉತ್ತರ. ಮುಗಿದ ಮೇಲೆ ‘ರೀಬೂಟ್’. ಒಂದು ಎಚ್ಚರ: ಮಿಂಟ್ ಎದ್ದು ಓಡುತ್ತಿರುವಾಗ ಅದೇ ಪಾರ್ಟಿಷನ್ ಮೇಲೆ ಈ ಆಜ್ಞೆ ಕೊಡಬೇಡಿ. ಆಗ ನಿಜವಾಗಿಯೂ ಹಾಳಾಗುತ್ತದೆ.

ಯಾದಗಿರಿಯಿಂದ:
ಬೀದರ್ ಅಣ್ಣನವರು ಹೇಳಿದ್ದು ಸರಿ. ಆದರೆ ಸ್ವಲ್ಪ ತಡೆಯಿರಿ, ಮೊದಲು ಪ್ರಾಜೆಕ್ಟ್ ಹೊರಗೆ ತೆಗೆಯಿರಿ. ಡಿಸ್ಕೇ ಸಾಯುತ್ತಿದ್ದರೆ ರಿಪೇರಿ ಮಾಡಲು ಹೋಗಿ ಇದ್ದದ್ದೂ ಹೋಗಬಹುದು. ಮಿಂಟ್ ಹಾಕಲು ಬಳಸಿದ ಪೆನ್‌ಡ್ರೈವ್ ಇದೆಯಲ್ವಾ? ಅದರಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ. ಸುಮ್ನೆ ಫೈಲ್ ಮ್ಯಾನೇಜರ್ ತೆರೆದು ಹಾರ್ಡ್‌ಡಿಸ್ಕಿನ ಹೋಮ್ ಫೋಲ್ಡರಿಗೆ ಹೋಗಿ, ಬೇಕಾದ್ದನ್ನು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ.

ಅಲ್ಲೇ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದು ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕ, ನೋಡಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಕೆಟ್ಟಿರಬಹುದಾದ ಜಾಗ) ಎರಡೂ ಸೊನ್ನೆ ಇದ್ದರೆ ರಿಪೇರಿ ಮಾಡಿ. ಆ ಸಂಖ್ಯೆ ಏರುತ್ತಾ ಹೋದರೆ ಆ ಡಿಸ್ಕನ್ನು ನಂಬಬೇಡಿ, ಎಸ್‌ಎಸ್‌ಡಿ ಹಾಕಿಸಿ. ಟೈಮ್‌ಶಿಫ್ಟ್ (ಮಿಂಟ್‌ನ ಹಳೇ ಸ್ಥಿತಿಯನ್ನು ಉಳಿಸಿ ವಾಪಸ್ ತರುವ ಪ್ರೋಗ್ರಾಂ) ಇದೆಯಲ್ಲ ಎಂದು ಕೂರುವವರು ಜಾಸ್ತಿ. ನಾವು ಬದಲಿಸದಿದ್ದರೆ ಅದು ಸಿಸ್ಟಮ್ ಫೈಲುಗಳನ್ನಷ್ಟೇ ಉಳಿಸುತ್ತದೆ, ನಮ್ಮ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ.

ಕೇಳಿದವರು:
ಪ್ರಾಜೆಕ್ಟ್ ಸಿಕ್ಕಿತು! ಇಬ್ಬರಿಗೂ ಶರಣು. ಎರಡೂ ಸೊನ್ನೆ ಇತ್ತು, ರಿಪೇರಿ ಮಾಡಿದೆ, ಮಿಂಟ್ ಎದ್ದಿತು. ಆದರೆ ಈಗ ಬ್ರೌಸರಿನಲ್ಲಿ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಅನ್ನುತ್ತದೆ.

ಶಹಾಪುರದಿಂದ:
ತಾರೀಖು ನೋಡಿ ಸರ. ಹಿಂದಿನ ಯಾವುದೋ ವರ್ಷ ತೋರಿಸುತ್ತಿರಬೇಕು. ಒಳಗೆ ಗಡಿಯಾರ ನಡೆಸುವ ಸಣ್ಣ ಸೆಲ್ ಇರುತ್ತದೆ, ಬಹಳಷ್ಟರಲ್ಲಿ ಸಿಆರ್2032. ದೊಡ್ಡ ಬ್ಯಾಟರಿ ಇಲ್ಲದೆ ಓಡಿಸಿದರೆ ಅದೂ ಬೇಗ ಮುಗಿಯುತ್ತದೆ. ತಾರೀಖು ತಪ್ಪಿದರೆ ಸೈಟುಗಳ ಸರ್ಟಿಫಿಕೇಟ್ (ಸೈಟ್ ಅಸಲಿ ಎನ್ನುವ, ಅವಧಿ ಇರುವ ಪುರಾವೆ) ಹೊಂದುವುದಿಲ್ಲ, ಅಪ್‌ಡೇಟ್ ಕೂಡ ಆಗುವುದಿಲ್ಲ. ಸದ್ಯಕ್ಕೆ ತಾರೀಖು ಸರಿ ಮಾಡಿ, ಸೆಲ್ ಬದಲಿಸಿ.

ಕಲಬುರಗಿಯಿಂದಲೇ ಇನ್ನೊಬ್ಬರು:
ಬ್ಯಾಟರಿ ಹಾಕಿಸದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಇದೇ ಕಥೆ. ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಹತ್ತು ನಿಮಿಷ ನಿಂತರೂ ಸಾಕು, ನೆಟ್ಟಗೆ ಶಟ್‌ಡೌನ್ ಮಾಡಬಹುದು. ಹಳೆಯದು ಉಬ್ಬಿದ್ದರೆ ಇವತ್ತೇ ತೆಗೆಸಿ. ಏಪ್ರಿಲ್, ಮೇನಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ, ಉಬ್ಬಿದ ಬ್ಯಾಟರಿ ಮನೆಯಲ್ಲಿ ಇರಬಾರದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯಾ ನೋಡಿ. ಬಹಳ ಮನೆಗಳಲ್ಲಿ ಅದು ಇನ್ನೊಂದು ಕಡೆಗೆ ಇರುತ್ತದೆ. ಆಗ ಬದಲಾಗುವುದು ನಿಧಾನ. ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಆಫ್ ಆಗಿಬಿಡುತ್ತದೆ.

ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋಗಿದ್ದರೆ ಮುಂದೆ ಏನೂ ಇನ್‌ಸ್ಟಾಲ್ ಆಗದೆ ಡಿಪಿಕೆಜಿ (ಮಿಂಟ್ ಒಳಗೆ ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡುವ ಸಾಧನ) ಅರ್ಧಕ್ಕೆ ನಿಂತಿದೆ ಎಂದು ಬರುತ್ತದೆ. ಹೆದರಬೇಡಿ. ಯಾವ ಆಜ್ಞೆ ಕೊಡಬೇಕು ಎಂದು ಅದೇ ಸಾಲಿನಲ್ಲಿ ಬರೆದಿರುತ್ತದೆ. ಅದನ್ನೇ ಟರ್ಮಿನಲ್‌ನಲ್ಲಿ ಹಾಗೇ ಟೈಪ್ ಮಾಡಿ, ಮುಂದಕ್ಕೆ ಹೋಗುತ್ತದೆ.