ಡೀಸೆಲ್ ಲೈನಲ್ಲಿ ಪದೇ ಪದೇ ಏರ್ ಹಿಡಿಯುತ್ತಿದೆ, ಅನುಭವ ಇದ್ದವರು ಹೇಳಿ

ಮೂರು ಸಿಲಿಂಡರ್:
ಚಿಕ್ಕ ಟ್ರ್ಯಾಕ್ಟರ್, ಹಳೇ ಮಾದರಿಯ ಮೆಕ್ಯಾನಿಕಲ್ ಪಂಪ್. ಹೋದ ವಾರ ಡೀಸೆಲ್ ಫಿಲ್ಟರ್ ಬದಲಿಸಿದೆ. ಟ್ಯಾಂಕಿಗೂ ಫೀಡ್ ಪಂಪಿಗೂ (ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಪಂಪ್) ನಡುವೆ ಇರುವ ಗಾಜಿನ ಬಟ್ಟಲನ್ನೂ ಬಿಚ್ಚಿ ತೊಳೆದೆ. ಏರ್ ತೆಗೆದು ಸೆಲ್ಫ್ ಹೊಡೆದರೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಲೋಡ್ ಬಿದ್ದರೆ 20 ನಿಮಿಷಕ್ಕೆ ಮಿಸ್ ಹೊಡೆದು ನಿಲ್ಲುತ್ತದೆ. ಮತ್ತೆ ಏರ್ ತೆಗೆದರೆ ಮತ್ತೆ 20 ನಿಮಿಷ. ಹೊರಗೆ ಎಲ್ಲೂ ಒಂದು ಹನಿ ಸೋರಿಲ್ಲ. ಗಾಳಿ ಎಲ್ಲಿಂದ ಬರುತ್ತಿದೆ?

ಹಳೇ ಪಾನಾ:
ನನ್ನ ಕಥೆ ಕೇಳಿ. 11 ದಿನ ಗಾಡಿ ನಿಂತಿತ್ತು. ಮೊದಲು ಫಿಲ್ಟರ್ ಬದಲಿಸಿದೆ. ಹೋಗಲಿಲ್ಲ. ಇನ್ನೊಂದು ಫಿಲ್ಟರ್ ತಂದೆ, ಹೋಗಲಿಲ್ಲ. ಫೀಡ್ ಪಂಪ್ ಪೂರ್ತಿ ಹೊಸದು ಹಾಕಿದೆ. ಆಮೇಲೆ ಒಬ್ಬ ಮಹಾನುಭಾವ ‘ಮೇನ್ ಪಂಪೇ (ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡೋದು) ಹೋಗಿದೆ’ ಅಂದ. ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸಿದೆ. ಪಂಪ್ ಸರಿಯಾಗಿದೆ ಅಂತ ವಾಪಸ್ ಬಂತು, ಬಿಲ್ ಮಾತ್ರ ಜೊತೆಗೇ ಬಂತು. ಕೂರಿಸುವಾಗ ಟೈಮಿಂಗ್ ಗುರುತು ಸ್ವಲ್ಪ ಸರಿದು ಬಿಳಿ ಹೊಗೆ ಶುರುವಾಯಿತು. ಅದಕ್ಕೆ ಇನ್ನೂ ಎರಡು ದಿನ.
ಕೊನೆಗೆ ಏನಿತ್ತು ಗೊತ್ತಾ? ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆಯ ಬ್ಯಾಂಜೊ ಬೋಲ್ಟಿನ (ಡೀಸೆಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ತಾಮ್ರದ ವಾಶರ್. ಉಗುರಿನಷ್ಟು ಅಗಲ ಇಲ್ಲ. ಹಳೇದನ್ನೇ ತಿರುಗಿಸಿ ಹಾಕಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಅಡ್ಡಕ್ಕೆ ಕೂದಲೆಳೆಯಂಥ ಗೀರು. ಅಷ್ಟೇ. ಆ ಬಿಲ್ಲಿನ ದುಡ್ಡಲ್ಲಿ ವಾಶರನ್ನು ಚೀಲದ ಲೆಕ್ಕದಲ್ಲಿ ತರಬಹುದಿತ್ತು.

ಟೇಪ್ ಸುತ್ತು:
ಸುಮ್ನೆ ಯಾಕೆ ಇಷ್ಟು ಕಷ್ಟ? ಎಲ್ಲಾ ಬೋಲ್ಟಿಗೂ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ. ನಾನು ಆರು ವರ್ಷದಿಂದ ಹಾಗೇ ಓಡಿಸುತ್ತಿದ್ದೇನೆ.

ಹಳೇ ಪಾನಾ:
ಸ್ವಾಮಿ, ಬ್ಯಾಂಜೊ ಬೋಲ್ಟಿನ ಮರೆ (ಥ್ರೆಡ್) ಗಾಳಿ ತಡೆಯುವುದಿಲ್ಲ. ತಡೆಯುವುದು ವಾಶರ್ ಕೂರುವ ಮುಖ. ಮರೆಗೆ ಟೇಪ್ ಸುತ್ತಿದರೆ ಅದರ ಚೂರು ಒಳಗೆ ಹೋಗಿ ಪಂಪಲ್ಲಿ ಕೂರುತ್ತೆ. ದಯವಿಟ್ಟು ಬೇರೆಯವರ ಗಾಡಿ ಹಾಳು ಮಾಡಬೇಡಿ.

ಟೇಪ್ ಸುತ್ತು:
ಆರು ವರ್ಷ ಅಂದೆ. 11 ದಿನ ನಿಲ್ಲಿಸಿಕೊಂಡವರು ನನಗೆ ಪಾಠ ಹೇಳ್ತಿದ್ದಾರೆ.

ಮನೇಲೇ ರಿಪೇರಿ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ನನ್ನದು ಏರ್ ಅಲ್ಲವೇ ಅಲ್ಲ, ಆದರೆ ಥೇಟ್ ಏರ್ ಥರಾನೇ ಇತ್ತು. ಅರ್ಧ ಗಂಟೆ ಓಡಿ ನಿಲ್ಲೋದು. ಏರ್ ತೆಗೆಯೋಕೆ ಹತ್ತು ನಿಮಿಷ ಒದ್ದಾಡೋದು, ಸ್ಟಾರ್ಟ್ ಆಗೋದು. ನಾನು ಏರ್ ತೆಗೆದಿದ್ದಕ್ಕೇ ಸರಿಹೋಯ್ತು ಅಂದುಕೊಂಡಿದ್ದೆ. ಒಂದು ದಿನ ನಿಂತ ಕೂಡಲೇ ಡೀಸೆಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತೆಗೆದೆ. ‘ಸ್ಸ್’ ಅಂತ ಗಾಳಿ ಎಳೆದುಕೊಂಡಿತು. ಮುಚ್ಚಳದ ಗಾಳಿ ತೂತು ಧೂಳು, ಗ್ರೀಸ್ ಸೇರಿ ಮುಚ್ಚಿಹೋಗಿತ್ತು. ಡೀಸೆಲ್ ಇಳಿದಂತೆ ಟ್ಯಾಂಕಲ್ಲಿ ನಿರ್ವಾತ ಆಗಿ ಫೀಡ್ ಪಂಪ್ ಎಳೆಯೋಕೆ ಆಗ್ತಿರಲಿಲ್ಲ. ಸೂಜಿಯಿಂದ ಚುಚ್ಚಿದೆ, ಮುಗೀತು. ಅದಕ್ಕೂ ಮುಂಚೆ ಎರಡು ಫಿಲ್ಟರ್, ಮೂರು ಲೀಟರ್ ಡೀಸೆಲ್ ನೆಲಕ್ಕೆ, ಒಂದು ಸೆಲ್ಫ್ ಮೋಟರ್. ಹೌದು, ಸೆಲ್ಫ್ ಮೋಟರ್ ಸುಟ್ಟೆ. ಒಂದೊಂದು ಸಲಕ್ಕೆ ಒಂದು ನಿಮಿಷ ಒತ್ತಿ ಹಿಡಿದರೆ ಇನ್ನೇನಾಗುತ್ತೆ? ಈಗ ಎಣಿಸಿ 10 ಸೆಕೆಂಡ್ ಮಾತ್ರ, ಆಮೇಲೆ ಅದು ತಣಿಯೋವರೆಗೆ ಕೈ ಕಟ್ಟಿ ಕೂರುತ್ತೇನೆ.

ಸೀಸೆ ನೇತು ಹಾಕಿ:
ಊಹೆ ಬಿಡಿ, ಕಣ್ಣಲ್ಲಿ ನೋಡಿ. ಫೀಡ್ ಪಂಪಿಗೆ ಮುಂಚೆ ಇರುವುದು ಎಳೆಯುವ ಕಡೆ. ಅಲ್ಲಿ ಸಂದು ಇದ್ದರೆ ಗಾಳಿ ಒಳಗೆ ಹೋಗುತ್ತೆ, ಡೀಸೆಲ್ ಹೊರಗೆ ಬರಲೇಬೇಕು ಅಂತಿಲ್ಲ. ಪಂಪಿನ ಆಚೆ ತಳ್ಳುವ ಕಡೆ, ಅಲ್ಲಿ ಸಂದಿದ್ದರೆ ಒದ್ದೆ ಕಾಣುತ್ತೆ. ‘ಒಂದು ಹನಿ ಸೋರಿಲ್ಲ’ ಅಂದಮೇಲೆ ನಾನಾದರೆ ಪಂಪಿನ ಆಚೆ ಕೈ ಹಾಕುತ್ತಲೇ ಇರಲಿಲ್ಲ.
ನಾನು ಮಾಡಿದ್ದು: ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದೆ. ಖಾಲಿ ಓಡುವಾಗ ಗುಳ್ಳೆ ಇಲ್ಲ. ರೇಸ್ ಕೊಟ್ಟಾಗ ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದರ ಹಿಂದೆ ಒಂದು. ಅವು ಫಿಲ್ಟರ್ ತಲೆಯಲ್ಲಿ ಸೇರಿ ಸೇರಿ ಒಂದೇ ಸಲ ಪಂಪಿಗೆ ಹೋಗುತ್ತವೆ, ಗಾಡಿ ನಿಲ್ಲುತ್ತೆ. ಆಮೇಲೆ ಟ್ಯಾಂಕಿನ ಲೈನ್ ಕಳಚಿ, ಎತ್ತರದಲ್ಲಿ ಡೀಸೆಲ್ ಸೀಸೆ ಕಟ್ಟಿ ನೇರ ಫೀಡ್ ಪಂಪಿಗೆ ಕೊಟ್ಟೆ. ಒಂದು ಗಂಟೆ ಓಡಿತು. ಅಂದರೆ ತಪ್ಪು ಟ್ಯಾಂಕಿನಿಂದ ಅಲ್ಲಿಯವರೆಗೆ. ನನ್ನದು ಡೀಸೆಲ್ ಕಾಕಿನ (ಡೀಸೆಲ್ ಬಿಡುವ-ನಿಲ್ಲಿಸುವ ನಲ್ಲಿ) ಸ್ಪಿಂಡಲ್ ಸೀಲ್.

ಹೊಸ ಫಿಲ್ಟರ್:
ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿ ಹಾಕಿದ್ದೀರಾ? ನಾನು ಯಾವಾಗಲೂ ತುಂಬಿಯೇ ಹಾಕೋದು. ಪ್ರೈಮರ್ (ಲೈನಿಗೆ ಕೈಯಿಂದ ಡೀಸೆಲ್ ತುಂಬಿಸೋ ಲಿವರ್) ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಳ್ಳೋದು ತಪ್ಪುತ್ತೆ.

ಹಳೇ ಪಾನಾ:
ಇದು ಇನ್ನೊಂದು ಅಪದ್ಧ. ಮಧ್ಯದ ತೂತಿಗೆ ಸುರಿದರೆ ಅದು ಸೋಸಿದ ಕಡೆ. ಕ್ಯಾನಿನ ಕಸ ಸೀದಾ ಪಂಪಿಗೆ. ಮೇನ್ ಪಂಪಿನ ಪ್ಲಂಜರಿಗೂ (ಒಳಗೆ ಆಡುವ ದಂಡ) ಅದು ಕೂರುವ ಬ್ಯಾರಲಿಗೂ ನಡುವೆ ಸಂದು ಕೆಲವೇ ಮೈಕ್ರಾನ್. ಖಾಲಿ ಹಾಕಿ, ಪ್ರೈಮರ್ ಒತ್ತಿ.

ಹೊಸ ಫಿಲ್ಟರ್:
ಸುತ್ತಲ ತೂತುಗಳಿಗೆ ಸುರಿಯಬಹುದಲ್ವಾ? ನಾನು ಮಧ್ಯಕ್ಕೆ ಅಂದೆನಾ?

ಹಳೇ ಪಾನಾ:
ಮಧ್ಯಕ್ಕೆ ಅಲ್ಲ ಅಂತಲೂ ಬರೆದಿರಲಿಲ್ಲ.

ಮನೇಲೇ ರಿಪೇರಿ:
ಪ್ರೈಮರ್ ಮಾತು ಬಂತು ಅಂತ ಹೇಳ್ತೀನಿ. ಡಯಾಫ್ರಮ್ ಫೀಡ್ ಪಂಪಿನ ಕೈ ಲಿವರ್ ಎಷ್ಟು ಆಡಿಸಿದರೂ ಡೀಸೆಲ್ ಬರದೆ, ಲಿವರ್ ಸತ್ತ ಹಾಗೆ ಸಡಿಲ ಇದ್ದರೆ ಪಂಪ್ ಹಾಳಾಗಿದೆ ಅಂದುಕೋಬೇಡಿ. ಎಂಜಿನ್ನಿನ ಕ್ಯಾಮ್ (ಪಂಪನ್ನು ಆಡಿಸೋ ಉಬ್ಬು) ಅದನ್ನು ಎತ್ತಿ ಹಿಡಿದಿರುತ್ತೆ. ಎಂಜಿನ್ ಒಂದು ಸುತ್ತು ತಿರುಗಿಸಿ, ಲಿವರಿಗೆ ಬಿಗಿ ಬರುತ್ತೆ. ಇದು ಗೊತ್ತಿಲ್ಲದೆ ಒಂದು ಒಳ್ಳೆ ಪಂಪ್ ಎಸೆದಿದ್ದೇನೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಟೇಪ್ ಸುತ್ತು:
ಇಷ್ಟೆಲ್ಲ ಬೇಡ. ಗಾಡಿ ಓಡುತ್ತಿರುವಾಗಲೇ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋದು) ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ, ಬೆರಳಿಟ್ಟು ನೋಡಿ. ಗಾಳಿ ಇದ್ದ ಕಡೆ ಗೊತ್ತಾಗುತ್ತೆ. ನಾನು ಹಾಗೇ ಮಾಡೋದು.

ಸೀಸೆ ನೇತು ಹಾಕಿ:
ಬೆರಳು ಇಡಬೇಡಿ! ಯಾರೂ ಇದನ್ನು ಓದಿ ಮಾಡಬೇಡಿ. ಹಳೇ ನಾಝಲ್ ತೆರೆಯುವ ಒತ್ತಡವೇ 100 ಬಾರ್ ದಾಟುತ್ತೆ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ನೋವೂ ಮೊದಮೊದಲು ಕಮ್ಮಿ. ತಡಮಾಡಿದರೆ ಬೆರಳೇ ಹೋಗಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ನೋಡಲೇಬೇಕಿದ್ದರೆ ರಟ್ಟು ಹಿಡಿಯಿರಿ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದ ಹೊಸ ಮಾದರಿ) ಎಂಜಿನ್ ಆದರೆ ಆ ನಟ್ಟಿನ ಹತ್ತಿರವೂ ಪಾನಾ ಒಯ್ಯಬೇಡಿ, ಅಲ್ಲಿ 1000 ಬಾರಿಗೂ ಜಾಸ್ತಿ.

ಟೇಪ್ ಸುತ್ತು:
ನನ್ನ ಹತ್ತೂ ಬೆರಳು ಇವೆ. ಬೇಕಾದರೆ ಎಣಿಸಿ ಬನ್ನಿ.

ಹಳೇ ಪಾನಾ:
ಅಡ್ಮಿನ್ ಇದ್ದರೆ ಇವರ ಸಲಹೆ ತೆಗೆದುಹಾಕಿ.

ಮೂರು ಸಿಲಿಂಡರ್:
ಸಿಕ್ಕಿತು ಸರ್. ಪಾರದರ್ಶಕ ಪೈಪ್ ಹಾಕಿದೆ, ರೇಸ್ ಕೊಟ್ಟರೆ ಗುಳ್ಳೆ ಬಂತು. ಗಾಜಿನ ಬಟ್ಟಲಿಗೆ ಬರುವ ರಬ್ಬರ್ ಪೈಪ್ ಕಳಚಿ ತುದಿ ಮಡಚಿ ನೋಡಿದೆ. ಸರಿಯಾಗಿ ಕ್ಲಿಪ್ಪಿನ ಕೆಳಗೆ ಉದ್ದಕ್ಕೆ ಬಿರುಕು. ಬಟ್ಟಲು ತೊಳೆಯುವಾಗ ನಾನೇ ಎಳೆದು ಕಿತ್ತಿದ್ದು. ತುದಿ ಒಂದು ಅಂಗುಲ ಕತ್ತರಿಸಿ ಹೊಸ ಕ್ಲಿಪ್ ಹಾಕಿದೆ. ಎರಡೂವರೆ ಗಂಟೆ ಲೋಡಲ್ಲಿ ಓಡಿತು, ನಿಲ್ಲಲಿಲ್ಲ.

ಹೊಸ ಫಿಲ್ಟರ್:
ಅದು ಸರಿ, ಆದರೆ ಫಿಲ್ಟರ್ ತುಂಬಿ ಹಾಕಿದ್ದಿರೋ ಖಾಲಿಯೋ? ಹೇಳಲೇ ಇಲ್ಲ.

ಹಳೇ ಪಾನಾ:
ಯಾವ ಕ್ಲಿಪ್ ಹಾಕಿದಿರಿ? ಸ್ಕ್ರೂ ಕ್ಲಿಪ್ಪಾ? ತೆಳು ಪೈಪಿಗೆ ಅದು ಒಂದೇ ಸಮ ಬಿಗಿಯಲ್ಲ, ಪಟ್ಟಿಯ ತೂತಲ್ಲಿ ರಬ್ಬರ್ ಕತ್ತರಿಸುತ್ತೆ. ಸ್ಪ್ರಿಂಗ್ ಕ್ಲಿಪ್ ಹಾಕಿ.

ಟೇಪ್ ಸುತ್ತು:
ಸ್ಪ್ರಿಂಗ್ ಕ್ಲಿಪ್ ಎರಡೇ ವರ್ಷಕ್ಕೆ ಸೋತುಹೋಗುತ್ತೆ. ನಾನು ತಂತಿ ಸುತ್ತಿದ್ದೇನೆ, ಆರು ವರ್ಷ ಆಯಿತು.

ಹಳೇ ಪಾನಾ:
ತಂತಿ!