ಓದುಗರ ಸ್ಪಂದನ: 9 ವರ್ಷದ ಡಿಸೈನ್ ಅನುಭವ, ವೇರ್‌ಹೌಸಿನಲ್ಲಿ ರಾತ್ರಿ ಪಾಳಿ

ಹಿಂದಿನ ಸಂಚಿಕೆಯಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನಿಂದ ಓದುಗಿಯೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ದಾವಣಗೆರೆಯಲ್ಲಿ ಸಿವಿಲ್ ಓದಿ, ಬೆಂಗಳೂರಿನ ಕನ್ಸಲ್ಟೆನ್ಸಿಯೊಂದರಲ್ಲಿ 9 ವರ್ಷ ಸ್ಟ್ರಕ್ಚರಲ್ ಡಿಸೈನ್ ಮಾಡಿದವರು. ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಸಿಕ್ಕಿ ಬಂದ ಮೇಲೆ ವೇರ್‌ಹೌಸಿನಲ್ಲಿ ರಾತ್ರಿ ಪಾಳಿ. ಈಗ ಮರದ ರೂಫ್ ಟ್ರಸ್, ಅಂದರೆ ಛಾವಣಿ ಹೊರುವ ಚೌಕಟ್ಟು, ಮಾಡುವ ಕಾರ್ಖಾನೆಯೊಂದು ಡ್ರಾಫ್ಟಿಂಗ್ (ನಕ್ಷೆ ಬರೆಯುವ) ಕೆಲಸಕ್ಕೆ ಕರೆದಿದೆ. ಸಂಬಳ ಅಷ್ಟೇನೂ ಜಾಸ್ತಿ ಇಲ್ಲ. ಒಪ್ಪಿಕೊಂಡರೆ ಕೊನೆತನಕ ಡ್ರಾಫ್ಟರ್ ಆಗಿಯೇ ಉಳಿದುಬಿಡುತ್ತೇನಾ? ಇಂಜಿನಿಯರ್ ಲೈಸೆನ್ಸ್ ಬರುವವರೆಗೆ ಕಾಯಲಾ? ಗಂಡನ ಗೆಳೆಯರು ಹೇಳುವಂತೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರಲಾ? ಊರಿಂದ ಅಮ್ಮ ಬೇರೆ ದಿನಾ ಫೋನ್ ಮಾಡಿ ‘ಇಂಜಿನಿಯರಿಂಗ್ ಓದಿಸಿದ್ದು ಬಾಕ್ಸ್ ಎತ್ತೋಕಾ’ ಅನ್ನುತ್ತಾರೆ ಎಂದೂ ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಕಾಯಬೇಡಿ, ಎರಡೂ ಒಟ್ಟಿಗೇ ನಡೆಯಲಿ

ಬ್ರಾಂಪ್ಟನ್‌ನ ತಂಗಿಗೆ,

ನಿಮ್ಮ ಪತ್ರದಲ್ಲಿ ಲೈಸೆನ್ಸೂ ಕೆಲಸವೂ ಗಂಟು ಬಿದ್ದಿವೆ. ಮೊದಲು ಆ ಗಂಟು ಬಿಡಿಸಿ. ಲೈಸೆನ್ಸ್ ಇಲ್ಲದೆಯೂ ಇಲ್ಲಿನ ಡಿಸೈನ್ ಆಫೀಸಿನಲ್ಲಿ ಕೆಲಸ ಮಾಡಬಹುದು. ಜವಾಬ್ದಾರಿ ಹೊತ್ತು ಡ್ರಾಯಿಂಗಿಗೆ ಸೀಲ್ ಹಾಕುವ ಪಿ.ಇಂಜಿ., ಅಂದರೆ ಲೈಸೆನ್ಸ್ ಇರುವ ಇಂಜಿನಿಯರ್, ಒಬ್ಬರು ಮೇಲಿರಬೇಕು, ಅಷ್ಟೇ. ಹಾಗೆಯೇ ಇಂಜಿನಿಯರಿಂಗ್ ಕೆಲಸ ಸಿಗದಿದ್ದರೂ ಲೈಸೆನ್ಸಿಗೆ ಅರ್ಜಿ ಹಾಕಬಹುದು. ವೇರ್‌ಹೌಸಿನಲ್ಲಿ ಇದ್ದುಕೊಂಡೇ ಹಾಕಬಹುದು.

2023ರ ಮೇ ತಿಂಗಳಿಗೆ ಮುಂಚೆ ಒಂಟಾರಿಯೊದಲ್ಲಿ ಹೀಗಿರಲಿಲ್ಲ. ನಾಲ್ಕು ವರ್ಷದ ಅನುಭವದಲ್ಲಿ ಒಂದು ವರ್ಷವಾದರೂ ಕೆನಡಾದ ಲೈಸೆನ್ಸ್ ಇರುವವರ ಕೈಕೆಳಗೆ ಆಗಿರಬೇಕಿತ್ತು. ಅನುಭವ ಇಲ್ಲ ಅಂತ ಕೆಲಸ ಕೊಡುತ್ತಿರಲಿಲ್ಲ, ಕೆಲಸ ಕೊಡದೆ ಅನುಭವ ಬರುತ್ತಿರಲಿಲ್ಲ. ನಾನು ಬಂದಾಗ ಇದ್ದದ್ದು ಆ ಕಾಲ. ಈಗ ಲೈಸೆನ್ಸ್ ಕೊಡುವ ಸಂಸ್ಥೆ ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೊ, ಅಂದರೆ ಪಿಇಒ, ಆ ಷರತ್ತು ಕೈಬಿಟ್ಟಿದೆ. 48 ತಿಂಗಳ ಅನುಭವ ತೋರಿಸಬೇಕು, ಅದು ಬೆಂಗಳೂರಿನದ್ದಾದರೂ ನಡೆಯುತ್ತದೆ. ನಿಮ್ಮ ಹತ್ತಿರ ಅದರ ಎರಡರಷ್ಟಿದೆ. ಇನ್ನೂ ಅರ್ಜಿ ಹಾಕಿಲ್ಲ ಯಾಕೆ?

ಅನುಭವ ತೋರಿಸುವುದು ಅಂದರೆ ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವುದಲ್ಲ. 34 ಸಾಮರ್ಥ್ಯಗಳ ಒಂದು ಪಟ್ಟಿ ಇದೆ. ಒಂದೊಂದಕ್ಕೂ ನಿಮ್ಮ ಕೆಲಸದಿಂದ ಒಂದು ಪ್ರಸಂಗ ಬರೆಯಬೇಕು: ಪರಿಸ್ಥಿತಿ ಏನಿತ್ತು, ನೀವೇನು ಮಾಡಿದಿರಿ, ಏನಾಯಿತು. ನಮ್ಮವರು ಎಡವುವುದು ಇಲ್ಲೇ. ‘ನಾವು ಡಿಸೈನ್ ಮಾಡಿದೆವು, ನಮ್ಮ ಟೀಮ್ ಪರಿಶೀಲಿಸಿತು’ ಅಂತ ಪುಟಗಟ್ಟಲೆ ಬರೆಯುತ್ತಾರೆ. ‘ನಾನು’ ಅನ್ನಲು ಸಂಕೋಚ. ಆರ್ಕಿಟೆಕ್ಟ್ ಪಾರ್ಕಿಂಗಿಗೆ ಅಡ್ಡ ಬರುತ್ತದೆ ಅಂತ ನೆಲಮಾಳಿಗೆಯ ಕಾಲಂ ತೆಗೆಸಿದಾಗ ಮೇಲಿನ ಕಾಲಂ ಭಾರ ಹೊರುವ ಟ್ರಾನ್ಸ್‌ಫರ್ ಬೀಮ್ ಲೆಕ್ಕ ಹಾಕಿದ್ದು ಯಾರು? ಅದರ ಆಳ ಜಾಸ್ತಿಯಾಗಿ ಕಾರಿಗೆ ತಲೆ ತಾಗುತ್ತದೆ ಅಂತ ಅವರೊಡನೆ ವಾದ ಮಾಡಿದ್ದು ಯಾರು? ನೀವೇ ಆಗಿದ್ದರೆ ‘ನಾನು’ ಅಂತಲೇ ಬರೆಯಿರಿ. ಬೀಮ್ ಅಳತೆ ಸಮೇತ ಬರೆಯಿರಿ.

ಓದಿನ ವಿಷಯ ಬೇರೆ. ಒಂದು ದೇಶದ ಇಂಜಿನಿಯರಿಂಗ್ ಡಿಗ್ರಿಯನ್ನು ಇನ್ನೊಂದು ದೇಶ ಒಪ್ಪುವ ವಾಷಿಂಗ್ಟನ್ ಒಪ್ಪಂದದಲ್ಲಿ 2014ರಿಂದ ಭಾರತವೂ ಇದೆ. ಹಾಗಂತ ನಮ್ಮ ಎಲ್ಲ ಕಾಲೇಜುಗಳ ಎಲ್ಲ ಕೋರ್ಸುಗಳೂ ಅದರೊಳಗೆ ಬರುವುದಿಲ್ಲ. ಕೆನಡಾದ ಮಾನ್ಯತೆ ಪಡೆದ ಡಿಗ್ರಿ ಅಲ್ಲದಿದ್ದರೆ ಟೆಕ್ನಿಕಲ್ ಪರೀಕ್ಷೆ ಬರೆಯಿರಿ ಅನ್ನಬಹುದು. ಅಂದರೆ ಬರೆಯಿರಿ. ಆಮೇಲೆ ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆ ಎನ್‌ಪಿಪಿಇ ಇದೆ. 110 ಪ್ರಶ್ನೆ, ಎರಡೂವರೆ ಗಂಟೆ, ಎಲ್ಲ ಬಹು ಆಯ್ಕೆ. ಕಾಂಟ್ರಾಕ್ಟ್ ಕಾನೂನಿನ ಭಾಗ ಮಾತ್ರ ಹಗುರ ಅಂದುಕೊಳ್ಳಬೇಡಿ.

ಇನ್ನು ಟ್ರಸ್ ಕಾರ್ಖಾನೆ. ನಾನಾಗಿದ್ದರೆ ಹೋಗುತ್ತಿದ್ದೆ. ನಮಗೆ ಗೊತ್ತಿರುವುದು ಕಾಲಂ, ಬೀಮ್, ಸ್ಲ್ಯಾಬ್. ಇಲ್ಲಿ ಮನೆ ಅಂದರೆ ಮರ. ಟೂ ಬೈ ಫೋರ್ ಅಂತ ಡ್ರಾಯಿಂಗಿನಲ್ಲಿ ಬರೆದಿರುತ್ತಾರೆ, ಅಳೆದರೆ ಒಂದೂವರೆ ಇಂಚು ಬೈ ಮೂರೂವರೆ. ಗೋಡೆಯೊಳಗೆ 16 ಇಂಚಿಗೊಂದು ಸ್ಟಡ್, ಅಂದರೆ ನಿಲುವು ಮರ. ಪಾಯ ನಾಲ್ಕು ಅಡಿ ಕೆಳಗೆ ಹೋಗಬೇಕು. ಭಾರ ಹೊರಲಿ ಅಂತಲ್ಲ, ಮಣ್ಣು ಹೆಪ್ಪುಗಟ್ಟಿ ಮೇಲೆದ್ದರೆ ಮನೆಯನ್ನೂ ಎತ್ತಿಬಿಡುತ್ತದೆ ಅಂತ. ಕಂಬಿಗೂ ಬೇರೆ ಹೆಸರು. ನಮ್ಮ 16 ಎಂಎಂ ಇಲ್ಲಿ 15ಎಂ. ಬೆಂಗಳೂರಿನಲ್ಲಿ ಭೂಕಂಪ, ಗಾಳಿ ನೋಡಿ ಡಿಸೈನ್ ಮಾಡಿದ ನಿಮಗೆ ಇಲ್ಲಿ ಹಿಮದ ಭಾರ ಹೊಸದು. ಎತ್ತರದ ಛಾವಣಿಯಿಂದ ತಗ್ಗಿನ ಛಾವಣಿಗೆ ಹಿಮ ಜಾರಿ ಒಂದೇ ಮೂಲೆಯಲ್ಲಿ ರಾಶಿ ಬೀಳುವುದನ್ನು ಲೆಕ್ಕ ಹಾಕುವುದು ಟ್ರಸ್ ಆಫೀಸಿನವರಿಗೆ ದಿನದ ಕೆಲಸ. ಸಂಬಳ ತಗೊಂಡು ಇದನ್ನು ಕಲಿಯುವುದಕ್ಕೆ ಏನು ತೊಂದರೆ?

ಆದರೆ ಹೋಗುವ ಮುಂಚೆ ಒಂದು ಮಾತು ಕೇಳಿ: ‘ನಿಮ್ಮ ಟ್ರಸ್ ಡ್ರಾಯಿಂಗಿಗೆ ಸೀಲ್ ಹಾಕುವ ಇಂಜಿನಿಯರ್ ಎಲ್ಲಿದ್ದಾರೆ?’ ಅದೇ ಕಟ್ಟಡದಲ್ಲಿ ಕೂತಿದ್ದರೆ, ನೀವು ಹೋಗಿ ಮಾತಾಡಬಹುದಾದರೆ, ಕಣ್ಣುಮುಚ್ಚಿ ಸೇರಿ. ಬೇರೆಲ್ಲೋ ಇದ್ದು ಫೈಲ್ ಮಾತ್ರ ಹೋಗಿ ಬರುತ್ತದೆ ಅಂದರೆ ಸ್ವಲ್ಪ ಯೋಚಿಸಿ. ಆಗ ನಿಮ್ಮ ಕೆಲಸ ಕಂಡವರು ಯಾರೂ ಇರುವುದಿಲ್ಲ.

— ಸ್ಟ್ರಕ್ಚರಲ್ ಇಂಜಿನಿಯರ್, ಮಿಸ್ಸಿಸಾಗ

ಹಳೇ ಬಾಸ್‌ಗೆ ಇವತ್ತೇ ಫೋನ್ ಮಾಡಮ್ಮ

ಮಗಳೇ, ನಾನು ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಕೆನಡಾ ನೋಡಿಲ್ಲ. ಆದರೆ ನನ್ನ ಕೈಕೆಳಗೆ ಸೇತುವೆ ಕೆಲಸ ಮಾಡಿದ ಹುಡುಗನೊಬ್ಬ ಅಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿದಾಗ ಅವನ ಕೆಲಸ ದೃಢೀಕರಿಸುವ ಜವಾಬ್ದಾರಿ ನನ್ನ ಮೇಲೆ ಬಂತು. ಇಮೇಲಿನಲ್ಲಿ ಲಿಂಕ್ ಕಳಿಸುತ್ತಾರೆ. ಅವನು ಬರೆದ ಒಂದೊಂದು ಪ್ರಸಂಗಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು, ಹೌದು ಹೀಗೇ ನಡೆಯಿತು ಅಂತ ಬರೆಯಬೇಕು. ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ. ಅವನ ಪೈಲ್ ಟೆಸ್ಟ್ ಪ್ರಸಂಗ ಓದುವಾಗ ಆ ಹೊಳೆ ದಂಡೆಯ ಕೆಸರು, ಮೇಸ್ತ್ರಿಯ ಗಲಾಟೆ ಎಲ್ಲ ನೆನಪಿಗೆ ಬಂತು ಅನ್ನಿ.

ನಿನಗೆ ಹೇಳುವುದು ಇಷ್ಟೇ. ಕನ್ಸಲ್ಟೆನ್ಸಿಯಲ್ಲಿ ನಿನ್ನ ಕೆಲಸ ನೇರವಾಗಿ ಕಂಡ ಸೀನಿಯರ್ ಯಾರು? ಅವರು ಈಗ ಎಲ್ಲಿದ್ದಾರೆ? ಕಂಪನಿ ಬಿಟ್ಟಿರಬಹುದು, ಫೋನ್ ನಂಬರ್ ಬದಲಾಗಿರಬಹುದು, ನನ್ನ ಹಾಗೆ ವಯಸ್ಸಾಗಿರಬಹುದು. ಈಗಲೇ ಹುಡುಕು. ಎಚ್‌ಆರ್ ವಿಭಾಗದ ಪತ್ರ ಇದಕ್ಕೆ ಉಪಯೋಗಕ್ಕೆ ಬರೋದಿಲ್ಲ. ಲಿಂಕ್ ಕಳಿಸಿದ ಮೇಲೆ ಸ್ಪ್ಯಾಮ್ ಫೋಲ್ಡರ್ ನೋಡಿ ಅಂತಲೂ ಹೇಳು. ನನಗೆ ಬಂದದ್ದು ಅಲ್ಲೇ ಬಿದ್ದಿತ್ತು, ಹುಡುಗ ಫೋನ್ ಮಾಡಿದ್ದಕ್ಕೆ ಗೊತ್ತಾಯಿತು.

ಅಮ್ಮನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರು ಕೇಳುತ್ತಿರುವುದು ನಿನ್ನನ್ನಲ್ಲ, ಪಕ್ಕದ ಮನೆಯವರು ಅವರನ್ನು ಕೇಳುತ್ತಿದ್ದಾರೆ.

— ನಿವೃತ್ತ ಎಕ್ಸಿಕ್ಯೂಟಿವ್ ಇಂಜಿನಿಯರ್, ಹಾಸನ

ಟೆಸ್ಟಿಂಗ್ ಕೋರ್ಸ್ ಬಗ್ಗೆ

ನಾನು ಸಾಫ್ಟ್‌ವೇರಿನವನೇ. ದಯವಿಟ್ಟು ಆ ಕೋರ್ಸಿಗೆ ದುಡ್ಡು ಸುರಿಯಬೇಡಿ. ಹೊಸಬರಿಗೆ ಈಗ ಇಲ್ಲಿ ಬಾಗಿಲು ಅಷ್ಟು ತೆರೆದಿಲ್ಲ. ಕೋರ್ಸ್ ಮಾರುವವರು ಅದನ್ನು ಹೇಳುವುದಿಲ್ಲ.

‘ಸಾಫ್ಟ್‌ವೇರಿನಲ್ಲಾದರೆ ಲೈಸೆನ್ಸ್ ಗೋಜಿಲ್ಲ’ ಅಂತ ನಿಮ್ಮ ಯಜಮಾನರ ಗೆಳೆಯರು ಹೇಳಿರಬಹುದು. ನಮ್ಮ ಆಲ್ಬರ್ಟಾ ಪ್ರಾಂತ್ಯದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂತ ಕರೆದುಕೊಳ್ಳುವುದರ ಬಗ್ಗೆಯೇ ಕೋರ್ಟಿನವರೆಗೆ ಜಗಳ ಹೋಗಿತ್ತು. 2023ರಲ್ಲಿ ಸರ್ಕಾರ ಕಾನೂನು ತಿದ್ದಿ ನಮ್ಮವರಿಗೆ ವಿನಾಯಿತಿ ಕೊಟ್ಟಿತು. ಅದು ನಮಗೆ ಮಾತ್ರ. ಸಿವಿಲ್‌ನವರು ಲೈಸೆನ್ಸ್ ಇಲ್ಲದೆ ಕಾರ್ಡಿನ ಮೇಲೆ ಇಂಜಿನಿಯರ್ ಅಂತ ಹಾಕಿಕೊಂಡರೆ ನಿಯಂತ್ರಣ ಸಂಸ್ಥೆಯಿಂದ ಪತ್ರ ಬರುತ್ತದೆ. ನೀವೂ ಎಚ್ಚರವಾಗಿರಿ.

— ಓದುಗ, ಕ್ಯಾಲ್ಗರಿ

ಸೀಲ್ ಇಲ್ಲದೆಯೂ ಬದುಕಿದೆ

ಮಿಕ್ಕವರೆಲ್ಲ ಲೈಸೆನ್ಸ್ ತಗೊಳ್ಳಿ ಅಂತಲೇ ಬರೆಯುತ್ತಾರೆ ಅಂತ ಗೊತ್ತು. ನಾನು ಬೇರೆ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ ಅಕ್ಕ.

ನಾನು ಶುರು ಮಾಡಿದ್ದು ಕಾಂಕ್ರೀಟ್ ಟೆಸ್ಟಿಂಗ್ ಲ್ಯಾಬಿನಲ್ಲಿ. ಚಳಿಗಾಲದಲ್ಲಿ ಟಾರ್ಪಾಲು ಕಟ್ಟಿ, ಒಳಗೆ ಹೀಟರ್ ಇಟ್ಟು ಕಾಂಕ್ರೀಟ್ ಹಾಕುತ್ತಾರೆ. ಹೊರಗೆ ನಿಂತು ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಅನ್ನುವುದು) ಅಳೆದು, ಬಲ ಪರೀಕ್ಷೆಗೆ ಸಿಲಿಂಡರ್ ತುಂಬಬೇಕು. ಊರಲ್ಲಿ ನಾವು 150 ಎಂಎಂ ಕ್ಯೂಬ್ ತುಂಬುತ್ತಿದ್ದೆವಲ್ಲ, ಇಲ್ಲಿ ಸಿಲಿಂಡರ್. ಅದೇ ಕಾಂಕ್ರೀಟು ಕ್ಯೂಬಿನಲ್ಲಿ 25 ಎಂಪಿಎ ಬಲ ತೋರಿಸಿದರೆ ಸಿಲಿಂಡರಿನಲ್ಲಿ ಸುಮಾರು 20 ತೋರಿಸುತ್ತದೆ. ಇದನ್ನು ಒಬ್ಬ ಸೂಪರ್‌ವೈಸರಿಗೆ ಬಿಡಿಸಿ ಹೇಳಿದ ದಿನದಿಂದ ಅವರು ನನ್ನನ್ನು ಮಾತಾಡಿಸುವ ರೀತಿಯೇ ಬದಲಾಯಿತು. ಆಮೇಲೆ ಎಸ್ಟಿಮೇಷನ್‌ಗೆ, ಅಂದರೆ ಕಟ್ಟಡದ ಖರ್ಚು ಅಂದಾಜು ಮಾಡುವ ಕೆಲಸಕ್ಕೆ, ಬಂದೆ. ಒಎಸಿಇಟಿಟಿ ಅಂತ ಟೆಕ್ನಾಲಜಿಸ್ಟ್‌ಗಳ ಸಂಸ್ಥೆ ಇದೆ, ಅಲ್ಲಿ ಸಿ.ಇ.ಟಿ. ಅನ್ನುವ ಟೆಕ್ನಾಲಜಿಸ್ಟ್ ಮಾನ್ಯತೆ ತಗೊಂಡೆ. ಮನೆ ನಡೆಯುತ್ತಿದೆ. ಭಾನುವಾರ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಸೀಲ್ ಅಂದರೆ ಬರೀ ಗೌರವ ಅಲ್ಲ. 2012ರ ಜೂನಿನಲ್ಲಿ ಒಂಟಾರಿಯೊದ ಎಲಿಯಟ್ ಲೇಕ್‌ನಲ್ಲಿ ಮಾಲ್ ಒಂದರ ಮೇಲಿನ ಪಾರ್ಕಿಂಗ್ ಕುಸಿದು ಇಬ್ಬರು ಹೆಂಗಸರು ಸತ್ತರು. ವರ್ಷಗಟ್ಟಲೆ ನೀರು ಸೋರಿ ಉಕ್ಕಿನ ಜೋಡಣೆ ತುಕ್ಕು ಹಿಡಿದಿತ್ತು. ಕುಸಿಯುವ ಕೆಲವೇ ವಾರ ಮುಂಚೆ ಅದನ್ನು ಪರಿಶೀಲಿಸಿದ ಇಂಜಿನಿಯರ್ ಕಟ್ಟಡ ಗಟ್ಟಿಯಾಗಿದೆ ಅಂತ ವರದಿ ಕೊಟ್ಟಿದ್ದರು. ವಿಚಾರಣಾ ಆಯೋಗವೇ ಕೂತಿತು. ಲೈಸೆನ್ಸ್ ಇರುವವರು ವರ್ಷವರ್ಷ ಕಲಿಯುತ್ತಿರಬೇಕು ಅಂತ 2023ರಿಂದ ಒಂಟಾರಿಯೊದಲ್ಲಿ ಕಡ್ಡಾಯ ಮಾಡಿದ್ದಾರೆ, ಅದರ ಬೇರು ಅಲ್ಲಿದೆ. ಈ ಭಾರ ಎಲ್ಲರೂ ಹೊರಲೇಬೇಕು ಅಂತ ಏನಿದೆ? ನಿಮಗೆ ಆಸೆ ಇದ್ದರೆ ಖಂಡಿತ ತಗೊಳ್ಳಿ. ನಾಲ್ಕು ಜನ ಏನಂತಾರೋ ಅಂತ ತಗೊಳ್ಳಬೇಡಿ.

— ಎಸ್ಟಿಮೇಟರ್, ಲಂಡನ್ (ಒಂಟಾರಿಯೊ)

‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?’

ಮೇಡಂ, ನಿಮ್ಮ ಪತ್ರದಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ ಅಂದಿದ್ದೀರಿ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ 25 ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಕೆಲಸದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕು ಅಂತ ಹಾಕುವಂತಿಲ್ಲ. ಸಂಬಳ ಎಷ್ಟರಿಂದ ಎಷ್ಟು ಅಂತಲೂ ಹೇಳಬೇಕು. ಒಳ್ಳೆಯದೇ. ಆದರೆ ನೇಮಕಾತಿ ವಿಭಾಗದಲ್ಲಿರುವವಳಾಗಿ ಹೇಳುತ್ತೇನೆ, ಜಾಹೀರಾತಿನಿಂದ ಹೋದ ಮಾತು ಇಂಟರ್‌ವ್ಯೂನಲ್ಲಿ ಬೇರೆ ವೇಷ ಹಾಕಿಕೊಂಡು ಬರುತ್ತದೆ. ‘ಇಲ್ಲಿನ ಬಿಲ್ಡಿಂಗ್ ಕೋಡ್ ಗೊತ್ತಾ’ ಅನ್ನುತ್ತಾರೆ. ಅದು ನ್ಯಾಯವಾದ ಪ್ರಶ್ನೆ, ಸಿಟ್ಟಾಗಬೇಡಿ. ಇಲ್ಲಿ ಡಿಸೈನಿನ ಕೋಡ್ ಅಂದರೆ ಕಾಂಕ್ರೀಟಿಗೆ ಸಿಎಸ್‌ಎ ಎ23.3, ಉಕ್ಕಿಗೆ ಎಸ್16. ನೀವು ನಮ್ಮ ಭಾರತದ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಮಾಡಿದ ಒಂದು ಬೀಮನ್ನು ಎ23.3ರಲ್ಲಿ ಮತ್ತೆ ಮಾಡಿ, ಎರಡೂ ಹಾಳೆ ಜೊತೆಗೆ ತಗೊಂಡು ಹೋಗಿ. ಹಾಗೆ ಬಂದವರನ್ನು ನಮ್ಮ ಮ್ಯಾನೇಜರುಗಳು ಮರೆಯುವುದಿಲ್ಲ.

ಇನ್ನೊಂದು. ದುಡ್ಡು ಕೊಟ್ಟರೆ ಇಲ್ಲಿನ ಅನುಭವದ ಪತ್ರ ಮಾಡಿಸಿಕೊಡುತ್ತೇವೆ ಅನ್ನುವವರು ಬರುತ್ತಾರೆ, ನಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಬಾಗಿಲಲ್ಲೇ ಕಳಿಸಿಬಿಡಿ. ದುಡ್ಡಿನ ಅಡಚಣೆ ಇದ್ದರೆ ವಿಂಡ್‌ಮಿಲ್ ಮೈಕ್ರೋಲೆಂಡಿಂಗ್ ಅನ್ನುವ ಸಂಸ್ಥೆ ಪರೀಕ್ಷೆ, ಲೈಸೆನ್ಸ್ ಖರ್ಚಿಗೆ ಅಂತಲೇ ಹೊರಗಿನಿಂದ ಬಂದವರಿಗೆ ಸಾಲ ಕೊಡುತ್ತದೆ. ಟೊರೊಂಟೊ ಮೆಟ್ರೊಪಾಲಿಟನ್ ಯೂನಿವರ್ಸಿಟಿಯಲ್ಲಿ ಹೊರದೇಶದಲ್ಲಿ ಓದಿದ ಇಂಜಿನಿಯರುಗಳಿಗಾಗಿಯೇ ಬ್ರಿಡ್ಜಿಂಗ್, ಅಂದರೆ ಲೈಸೆನ್ಸಿಗೆ ಬೇಕಾದ ಓದಿನ ಕೊರತೆ ತುಂಬುವ, ಕಾರ್ಯಕ್ರಮ ನಡೆದುಬಂದಿದೆ. ಎರಡನ್ನೂ ವಿಚಾರಿಸಿ.

— ಓದುಗಿ, ಕಿಚನರ್

ಎರಡೇ ಸಾಲು

ಬಾಡಿಗೆ ಕಮ್ಮಿ ಅಂತ ಮಾಂಟ್ರಿಯಲ್ ಕಡೆ ಬರುವ ಯೋಚನೆ ಇದ್ದರೆ ಮೊದಲು ಫ್ರೆಂಚ್ ಕಲಿಯಿರಿ. ಕ್ವಿಬೆಕ್‌ನಲ್ಲಿ ಲೈಸೆನ್ಸಿಗೂ ಫ್ರೆಂಚ್ ಬೇಕು.

— ಓದುಗ, ಮಾಂಟ್ರಿಯಲ್

ಹೆಸರು ಸರಿ ಇದೆಯಾ ನೋಡಿಕೊಳ್ಳಿ

ಇಷ್ಟೆಲ್ಲ ದೊಡ್ಡ ವಿಷಯಗಳ ನಡುವೆ ನನ್ನದು ಸಣ್ಣದು. ನಾನು ಬೆಳಗಾವಿಯವಳು, ತಂಗಿ ವ್ಯಾಂಕೂವರ್‌ನಲ್ಲಿದ್ದಾಳೆ. ಅವಳ ಟ್ರಾನ್ಸ್‌ಕ್ರಿಪ್ಟ್‌ಗಾಗಿ ವಿಟಿಯು ಆಫೀಸಿಗೆ ಓಡಾಡಿದವಳು ನಾನು. ಟ್ರಾನ್ಸ್‌ಕ್ರಿಪ್ಟ್ ಹೇಗೋ ಬಂತು. ತಕರಾರು ಬಂದದ್ದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರಿನ ಹೆಸರು ಅಪ್ಪನ ಹೆಸರು, ಮದುವೆಯಾದ ಮೇಲೆ ಪಿಆರ್ ಕಾರ್ಡಿನಲ್ಲಿ ಗಂಡನ ಹೆಸರು ಸರ್‌ನೇಮ್. ಮೂರು ಜನ ಬೇರೆ ಬೇರೆ ಅನ್ನುವ ಹಾಗಿತ್ತು. ಮೂರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಕಳಿಸಬೇಕಾಯಿತು.

ನಿಮ್ಮ ಕಾಗದಗಳನ್ನು ಈಗಲೇ ಪಕ್ಕಪಕ್ಕ ಇಟ್ಟು ನೋಡಿ. ಸೆಮಿಸ್ಟರ್ ಸಿಲಬಸ್ ಪ್ರತಿಯನ್ನೂ ಕಾಲೇಜಿನಿಂದ ಸೀಲ್ ಹಾಕಿಸಿ ತರಿಸಿಕೊಳ್ಳಿ, ಕೇಳಬಹುದು. ದಾವಣಗೆರೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಸೆಮಿಸ್ಟರ್ ರಜೆ ಶುರುವಾಗುವ ಮುಂಚೆ ಕಳಿಸಿ. ರಜೆಯಲ್ಲಿ ಹೋದರೆ ಆಫೀಸಿನಲ್ಲಿ ‘ಸಾಹೇಬರು ಇಲ್ಲ’ ಅನ್ನುತ್ತಾರೆ.

— ಓದುಗಿ, ಬೆಳಗಾವಿ